ಸರತಿಯ ನಿಂಬೆಹಣ್ಣು

ಮುಚ್ಚೂರು,
ಸೂರಿನ ವರ್ಷ ಇನ್ನೂರ ಹನ್ನೆರಡು, ಒಂಬತ್ತನೆಯ ಗಾಳಿವಾರ

ಇಂಚರಳಿಗೆ, ಏಳನೇ ತರಗತಿ, ‘ಬಿ’ ವಿಭಾಗ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ, ನಿನ್ನ ಯಾವ ಕ್ಯಾಲೆಂಡರಿನಲ್ಲೂ ಅದು ಸಿಗುವುದಿಲ್ಲ. ಹೊರಗಿನ ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಇಡೀ ಊರಿನ ಮೇಲೆ ಸೂರು ಹಾಕಿದ ದಿನದಿಂದ ನಮ್ಮ ವರ್ಷಗಳ ಎಣಿಕೆ. ಗಾಳಿವಾರವೆಂದರೆ ನಮ್ಮ ವಾರದ ಎಂಟನೆಯ ದಿನ. ಅಂದು ಊರೊಳಗಿನ ಹಳೆಯ ಗಾಳಿಯನ್ನು ಹೊರಗೆ ತಳ್ಳಿ ಹೊಸದನ್ನು ತುಂಬುತ್ತಾರೆ, ಒಣಹಾಕಿದ ಬಟ್ಟೆಯೆಲ್ಲ ಹಾರಿಹೋಗಿ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ಕಲಿತದ್ದು ಒಂದೇ ಒಂದು ಪುಸ್ತಕದಿಂದ, ಅದು ನಿನ್ನ ವಿಜ್ಞಾನದ ನೋಟ್‌ಬುಕ್ಕು.

ಇದು ನಿನ್ನನ್ನು ಹೊಗಳುವ ಪತ್ರವಲ್ಲ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಅರವತ್ತೆರಡು ವರ್ಷದ ಮುದುಕಿ ಹನ್ನೆರಡು ವರ್ಷದ ಹುಡುಗಿಯ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಶೋಭೆಯಲ್ಲ ಎಂದು ಗೊತ್ತು. ಆದರೂ ಉರಿಯುತ್ತಿದೆ, ಏನು ಮಾಡಲಿ?

ನಮ್ಮಲ್ಲಿ ಕರೆಂಟು ಗೋಡೆಯೊಳಗಿಂದ ಬರುತ್ತದೆ. ಹಿಂದೊಮ್ಮೆ ಅದು ನಿಂತುಹೋದಾಗ ಮತ್ತೆ ಹುಟ್ಟಿಸುವುದು ಹೇಗೆಂದು ಊರಿನಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅಂದಿನಿಂದ ಹತ್ತು ತುಂಬಿದ ಪ್ರತಿ ಮಗುವಿಗೂ ಮರಮನೆಯಿಂದ ಒಂದು ನಿಂಬೆಹಣ್ಣು ಕೊಡುವ ಪದ್ಧತಿ ಬಂತು. ಮರಮನೆ ಎಂದರೆ ನಮ್ಮ ಹನ್ನೊಂದು ನಿಂಬೆಗಿಡಗಳನ್ನು ಬೀಗ ಹಾಕಿ ಬೆಳೆಸುವ ಕೋಣೆ. ಆ ಹಣ್ಣಿಗೆ ಸರತಿಹಣ್ಣು ಎನ್ನುತ್ತೇವೆ. ಒಬ್ಬರಿಗೆ ಬದುಕಿನಲ್ಲಿ ಒಂದೇ. ಅದಕ್ಕೆ ಸತು ಲೇಪಿಸಿದ ಮೊಳೆಯನ್ನೂ ತಾಮ್ರದ ತಂತಿಯನ್ನೂ ಚುಚ್ಚಿ ಸ್ವಂತ ಕೈಯಿಂದ ಕರೆಂಟು ಹುಟ್ಟಿಸಬಹುದು. ಬೇಡವೆಂದವರು ತಿನ್ನಬಹುದು. ಎರಡೂ ಆಗದು. ‘ಮೊಳೆಯ ಸತು ರಸದಲ್ಲಿ ಕರಗಿರುತ್ತದೆ, ಆಮೇಲೆ ತಿನ್ನಬಾರದು ಎಂದು ಮಿಸ್ ಹೇಳಿದರು’ ಎಂದು ನೀನೇ ಬರೆದಿದ್ದೀಯ. ನೀನು ಬರೆದದ್ದೇ ನಮಗೆ ಕಾನೂನು. ನಿನ್ನ ಚಿತ್ರದಲ್ಲಿ ನಾಲ್ಕು ಇಡೀ ನಿಂಬೆಹಣ್ಣು ಸಾಲಾಗಿ ಇವೆ, ಒಂದರ ಮೊಳೆಯಿಂದ ಮುಂದಿನದರ ತಾಮ್ರಕ್ಕೆ ತಂತಿ, ಕೊನೆಗೆ ಪುಟ್ಟ ಕೆಂಪು ಎಲ್‌ಇಡಿ. ಹಾಗಾಗಿ ನಮ್ಮಲ್ಲೂ ನಾಲ್ವರು ಮಕ್ಕಳು ತಮ್ಮ ನಾಲ್ಕು ಹಣ್ಣು ಕೂಡಿಸಿಯೇ ದೀಪ ಹೊತ್ತಿಸುತ್ತಿದ್ದರು.

ನಾನು ದೀಪ ಹೊತ್ತಿಸಿದೆ. ಎರಡು ವರ್ಷದ ನಂತರ ನನ್ನ ತಂಗಿ ದೇವೀರಿ ತನ್ನ ಹಣ್ಣನ್ನು ತಿಂದಳು. ನನ್ನೆದುರೇ ಕೂತು, ಸಿಪ್ಪೆಸಮೇತ ತಿಂದಳು. ಮೊದಲ ಸಲ ಕಚ್ಚಿದೊಡನೆ ಅವಳ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು, ಭುಜ ಕಿವಿಗೆ ತಾಗಿತು, ಮೈಯೆಲ್ಲ ಒಮ್ಮೆ ನಡುಗಿತು. ಹೇಗಿತ್ತೇ ಎಂದು ಕೇಳಿದರೆ, “ಹೇಳಕ್ಕಾಗಲ್ಲ ಕಣಕ್ಕ, ಜುಮ್ ಅಂತು, ಅಷ್ಟೇ” ಅಂದಳು. ಐವತ್ತು ವರ್ಷ ಕೇಳಿದ್ದೇನೆ, ಐವತ್ತು ವರ್ಷವೂ ಅದೇ ಉತ್ತರ. ನಮ್ಮ ಊಟದಲ್ಲಿ ಉಪ್ಪಿದೆ, ಸಿಹಿಯಿದೆ, ಖಾರದಂಥದ್ದೂ ಒಂದಿದೆ. ಹುಳಿ ಎಂಬ ಪದ ಮಾತ್ರ ಇದೆ, ಹುಳಿ ಇಲ್ಲ. ಅವಳ ಆ ಮುಚ್ಚಿದ ಕಣ್ಣು ನೆನಪಾದಾಗಲೆಲ್ಲ ನನಗೆ ಅವಳ ಜತೆ ಜಗಳ ತೆಗೆಯಬೇಕೆನಿಸುತ್ತಿತ್ತು, ಎಷ್ಟೋ ಸಲ ತೆಗೆದೂ ಇದ್ದೇನೆ.

ಹಾಗಿದ್ದರೂ ದೇವೀರಿಯನ್ನು ಕ್ಷಮಿಸಬಹುದಿತ್ತು, ಅವಳು ಒಂದನ್ನು ಪಡೆದು ಇನ್ನೊಂದನ್ನು ಬಿಟ್ಟವಳು. ನೀನು? ನಿನ್ನ ನೋಟ್‌ಬುಕ್ಕಿನ ಹದಿನಾಲ್ಕನೇ ಪುಟದಲ್ಲಿ ‘ಫಲಿತಾಂಶ: ದೀಪ ಹೊತ್ತಿತು. ನಿಂಬೆಹಣ್ಣುಗಳನ್ನು ಕಸದ ಬುಟ್ಟಿಗೆ ಹಾಕಲಾಯಿತು’ ಎಂದಿದೆ. ಇರಲಿ, ಹಾಕಲೇಬೇಕಿತ್ತು. ಆದರೆ ಅದೇ ಪುಟದ ಮೂಲೆಯಲ್ಲೊಂದು ಕಲೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ನಿಂಬೆ ಶರಬತ್ತು ಚೆಲ್ಲಿತು, ಸಾರಿ ಮಿಸ್’. ಬೆಳಿಗ್ಗೆ ನಾಲ್ಕು ಹಣ್ಣಿಗೆ ಮೊಳೆ ಹೊಡೆದು, ಸಂಜೆ ಇನ್ನಷ್ಟು ಹಣ್ಣು ಹಿಂಡಿ ಕುಡಿದು, ಕುಡಿದದ್ದು ಸಾಲದೆ ಚೆಲ್ಲಿಯೂ ಬಿಟ್ಟೆ! ನಾನು ನಲವತ್ತು ವರ್ಷ ಪುಸ್ತಕಮನೆಯಲ್ಲಿ ನಿನ್ನ ನೋಟ್‌ಬುಕ್ಕು ಕಾಯುವ ಕೆಲಸ ಮಾಡಿದವಳು. ಯಾರೂ ಇಲ್ಲದಾಗ ಆ ಕಲೆಯನ್ನು ಮೂಸಿದ್ದೇನೆ. ಕಾಗದದ ವಾಸನೆ ಬಿಟ್ಟು ಏನೂ ಬರಲಿಲ್ಲ.

ಹೋದ ವಾರ ನನ್ನ ಮೊಮ್ಮಗಳು ಮುಗುಳಿಗೆ ಹತ್ತು ತುಂಬಿತು. ಈ ಸಲ ಅವಳ ಓರಗೆಯ ಮಕ್ಕಳೆಲ್ಲ ತಿನ್ನುವವರೇ, ದೀಪಕ್ಕೆ ಜತೆಯಿಲ್ಲ. ತಿಂದುಬಿಡು ಎಂದೆ. ಹೇಳಿ ಮುಖ ತಿರುಗಿಸಿಕೊಂಡೆ, ಇನ್ನೊಂದು ಕಣ್ಣು ನನ್ನೆದುರು ಮುಚ್ಚಿಕೊಳ್ಳುವುದನ್ನು ನೋಡಬೇಕಲ್ಲ ಎಂದು. ಅವಳು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, “ಅಜ್ಜಿ, ಇದನ್ನ ಕುಯ್ದ್ರೆ ಏನಾಗುತ್ತೆ?” ಎಂದು ಕೇಳಿದಳು.

ಇನ್ನೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಿನ್ನ ಚಿತ್ರದಲ್ಲಿ ಇಡೀ ಹಣ್ಣುಗಳಿದ್ದವು, ಹಾಗಾಗಿ ಕರೆಂಟಿಗೆ ಇಡೀ ಹಣ್ಣೇ ಬೇಕೆಂದು ನಂಬಿಕೊಂಡಿದ್ದೆವು. ಅವಳು ಹಣ್ಣನ್ನು ಎರಡು ಹೋಳು ಮಾಡಿದಳು. ಒಂದು ಹೋಳನ್ನು ಮೂರು ತುಂಡು ಮಾಡಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ತಟ್ಟೆಯಲ್ಲಿಟ್ಟು, ಮೊಳೆ, ತಾಮ್ರ, ತಂತಿ ಎಲ್ಲ ಜೋಡಿಸಿದಳು. ಎಲ್‌ಇಡಿ ಹೊತ್ತಿತು! ಮಂಕಾಗಿತ್ತು, ಅಂಗೈ ಮರೆಮಾಡಿದರಷ್ಟೇ ಕಾಣುವಂತಿತ್ತು, ಆದರೂ ಹೊತ್ತಿತು. ಪಕ್ಕದಲ್ಲೇ ಕೂತಿದ್ದ ದೇವೀರಿ ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಬಹಳ ಹೊತ್ತು ಇಣುಕಿದಳು. ಕೊನೆಗೆ, “ನಿಂಗೊಬ್ಳಿಗೇ ಹೊಟ್ಟೆ ಉರಿ ಅನ್ಕೊಂಡಿದ್ಯಾ ಅಕ್ಕ?” ಅಂದಳು.

ಉಳಿದ ಇನ್ನೊಂದು ಹೋಳಿನಲ್ಲಿ ಮುಗುಳಿ ಒಂದು ಚೂರು ನನ್ನ ಬಾಯಿಗಿಟ್ಟಳು.

ನನ್ನ ಬಲಗಣ್ಣು ಮುಚ್ಚಿಕೊಂಡಿತು. ನಾನು ಮುಚ್ಚಲಿಲ್ಲ ಇಂಚರ, ಅದೇ ಮುಚ್ಚಿಕೊಂಡಿತು. ಕಿವಿಯ ಹಿಂದೆಲ್ಲ ನೀರೂರಿತು, ಇಲ್ಲದ ಹಲ್ಲುಗಳೂ ಜುಮ್ಮೆಂದವು. ನಾನು ನಕ್ಕೆ, ಅತ್ತೆ, ಇನ್ನೊಂದು ಚೂರು ಕೊಡೆಂದು ನಾಚಿಕೆಬಿಟ್ಟು ಕೇಳಿದೆ.

ತಂಗಿಯ ಮೇಲಿನ ಕಿಚ್ಚು ಅಲ್ಲಿಗೆ ಆರಿತು. ನಿನ್ನ ಮೇಲಿನದು ಹೆಚ್ಚಾಯಿತು. ನಿನಗೆ ಏನೇನು ಇತ್ತೆಂದು ಇಷ್ಟು ದಿನ ತಿಳಿಯದೆ ಉರಿಯುತ್ತಿದ್ದೆ. ಈಗ ತಿಳಿದು ಉರಿಯುತ್ತಿದ್ದೇನೆ.

ಅದಕ್ಕೆ ಒಂದು ಕೋರಿಕೆ. ಹದಿನಾಲ್ಕನೇ ಪುಟದ ಕೆಳಗೆ ನೀನು ಮೂರು ಗೆರೆ ಖಾಲಿ ಬಿಟ್ಟಿದ್ದೀಯ. ನಿಂಬೆಹಣ್ಣಿನ ಬಗ್ಗೆ ಎಲ್ಲ ಬರೆದು, ನಾಲಿಗೆಯ ಮೇಲೆ ಅದು ಏನು ಮಾಡಿತೆಂದು ಮಾತ್ರ ಬರೆದಿಲ್ಲ. ಅದು ಬರೆಯುವಂಥ ವಿಷಯವೆಂದೇ ನಿನಗೆ ಅನಿಸಿರಲಿಕ್ಕಿಲ್ಲ. ಈಗ ಒಂದು ಹಣ್ಣು ತೆಗೆದುಕೋ, ಸಕ್ಕರೆ ಹಾಕಬೇಡ, ಕಚ್ಚು. ನಿನ್ನ ಯಾವ ಕಣ್ಣು ಮುಚ್ಚಿಕೊಂಡಿತೆಂದು ಆ ಗೆರೆಗಳಲ್ಲಿ ಬರೆದಿಡು.

ಪತ್ರ ಮುಗಿಯಿತು. ನಿನ್ನ ನೋಟ್‌ಬುಕ್ಕು ನನ್ನ ತೊಡೆಯ ಮೇಲೆಯೇ ಇದೆ. ನೀನು ಬರೆದಿದ್ದರೆ ಅದು ಇದರಲ್ಲೇ ಇರಬೇಕು. ಈಗ ಹದಿನಾಲ್ಕನೇ ಪುಟ ತೆಗೆಯುತ್ತಿದ್ದೇನೆ.

ಗಿರಿಜವ್ವ