ರ‍್ಯಾಕಿಗೆ ಹಾಕಿದ ಹೊಸ ದೀಪ

ಮಹಾರಾಯ,

ನಾನು ಅಮ್ಮನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೀನಿ. ಇವತ್ತು ಸಭಾಂಗಣದ ಸೌಂಡ್ ಕೆಲಸ ನಿನ್ನೊಬ್ಬನದೇ. ಆಂಪ್ಲಿಫೈಯರ್, ಮಿಕ್ಸರ್ ಎಲ್ಲಾ ಜೋಡಿಸಿರೋ ರ‍್ಯಾಕ್ ಮನೆ ಬಾಗಿಲ ಹತ್ರ ಇದೆ, ತಗೊಂಡು ಹೋಗು.

ಮೊನ್ನೆ ಅದೇ ಸಭಾಂಗಣದಲ್ಲಿ ಭಾಷಣದ ಮಧ್ಯೆ ಸ್ಪೀಕರ್ ಗುಂಯ್ ಅಂದಾಗ ಅಲ್ಲಿನ ಮ್ಯಾನೇಜರ್ ಮುಂದೆ ಏನಂದೆ? "ವೈರಿಂಗ್ ನಮ್ಮಕ್ಕಂದು ಸಾರ್, ನಂಗೇನೂ ಗೊತ್ತಿಲ್ಲ." ನಾನು ಪಕ್ಕದಲ್ಲೇ ನಿಂತಿದ್ದೆ ಕಣೋ.

ನಿನ್ನೆ ಎಲ್ಲಾ ಬಿಚ್ಚಿ ನೋಡಿದೆ. ಗುಂಯ್ ಅಂದಿದ್ದು ನೀನು ಚಂದಕ್ಕೆ ಅಂತ ರ‍್ಯಾಕಿಗೆ ಅಂಟಿಸಿದ್ದ ನೀಲಿ ದೀಪದ ಅಗ್ಗದ ಅಡಾಪ್ಟರ್. ಅದನ್ನ ತಂದು ಮಿಕ್ಸರ್ ಪ್ಲಗ್ಗಿನ ಪಕ್ಕಕ್ಕೇ ತುರುಕಿದ್ದೆ. ಕಿತ್ತು ನಿನ್ನ ದಿಂಬಿನ ಕೆಳಗೆ ಇಟ್ಟಿದ್ದೀನಿ, ತಬ್ಬಿಕೊಂಡು ಮಲಗು.

ಬದಲಿಗೆ ರ‍್ಯಾಕಿಗೇ ಅಂತ ಮಾಡಿರೋ ದೀಪ ಹಾಕಿದ್ದೀನಿ. ಬೆಳಕು ಗುಂಡಿಗಳ ಮೇಲೆ ಬೀಳುತ್ತೆ, ಕಣ್ಣಿಗೆ ಹೊಡೆಯಲ್ಲ. ಕರೆಂಟು ಮಾತ್ರ ರ‍್ಯಾಕಿನ ಮೇನ್ ಸ್ವಿಚ್ಚಿಂದಲೇ ಕೊಟ್ಟಿದ್ದೀನಿ. ದೀಪ ಆರಿಸಿದ್ರೆ ಸೌಂಡೂ ಹೋಗುತ್ತೆ.

ದೀಪದ ಕೆಳಗೆ ಖಾಲಿ ಕಪ್ಪು ತಗಡು ಇತ್ತಲ್ಲ, ಅದರ ಮೇಲೆ ಬಿಳಿ ಪೇಂಟಲ್ಲಿ ಬರೆದಿದ್ದೀನಿ: "ಮೊನ್ನೆಯ ಸದ್ದು ತಮ್ಮನ ದೀಪದ್ದು. ವೈರಿಂಗ್ ಅಕ್ಕನದು." ಪೇಂಟ್ ಒಣಗಿದೆ, ಉಜ್ಜಿ ಕೈ ನೋಯಿಸ್ಕೋಬೇಡ. ಬಟ್ಟೆ ಮುಚ್ಚೋಕೂ ಹೋಗಬೇಡ, ಆಂಪ್ಲಿಫೈಯರ್ ಕಾದು ಸುಟ್ಟು ಹೋಗುತ್ತೆ. ಸ್ಕ್ರೂಡ್ರೈವರ್‌ಗಳೆಲ್ಲಾ ನನ್ನ ಬ್ಯಾಗಲ್ಲಿವೆ.

ತಿಂಡಿ ಮುಚ್ಚಿಟ್ಟಿದ್ದೀನಿ, ಖಾಲಿ ಹೊಟ್ಟೇಲಿ ಹೋಗಬೇಡ.

ಮ್ಯಾನೇಜರ್‌ಗೆ ಫೋನ್ ಮಾಡಿದ್ದೆ. ಹೊಸ ದೀಪ ನೋಡೋಕೆ ಅವರೇ ಖುದ್ದಾಗಿ ಬರ್ತಾರಂತೆ.

ಅಕ್ಕ