ಬಾಗಿಲಿಗೆ ಅಡ್ಡ ಹಿಡಿದ ಚಂದ್ರಿಕೆ

ರಾಮನಗರ
೧೮-೯-೨೦೦೬

ನನ್ನ ಅವ್ವನಿಗೆ,

ನವ್ಯಶ್ರೀ ಮಾಡುವ ನಮಸ್ಕಾರ. ಈ ಕಾಗದವನ್ನು ಗಂಗಹನುಮಯ್ಯ ಮೇಷ್ಟ್ರ ಕೈಯಲ್ಲಿ ಓದಿಸಬೇಡ. ನಿಧಾನವಾದರೂ ಸರಿ, ನೀನೇ ಓದಿಕೋ. ಮಂಡಿ ನೋವು ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ವಾಸಿಯಾಯ್ತು ಎಂಬ ಸುಳ್ಳೇ ತಾನೆ ಬರುವುದು.

ನಗಬೇಡ, ನಾನೊಂದು ಆಟದ ಹುಚ್ಚಿಗೆ ಬಿದ್ದಿದ್ದೇನೆ. ಹಾಸ್ಟೆಲ್ಲಿನ ಗೆಳತಿ ಮಮತಾಳ ಅಣ್ಣ ಬಿಡದಿಯ ಫ್ಯಾಕ್ಟರಿಯಲ್ಲಿದ್ದಾನೆ. ಯಾರ ಹತ್ತಿರವೋ ಇದ್ದ ಆಟದ ಪುಸ್ತಕವನ್ನು ಝೆರಾಕ್ಸ್ ಮಾಡಿಸಿ ತಂಗಿಗೆ ಕೊಟ್ಟಿದ್ದಾನೆ. ಭಾನುವಾರ ಮಧ್ಯಾಹ್ನ ನಾಲ್ವರು ಊಟದ ಮೇಜಿನ ಸುತ್ತ ಕೂರುತ್ತೇವೆ. ಮಮತಾ ಕಥೆ ಹೇಳುತ್ತಾಳೆ, ನಾವು ಮೂವರು ಅದರೊಳಗಿನ ಜನ. ಕೋಟೆ, ಕಾಡು, ರಾಕ್ಷಸರು ಎಲ್ಲ ಬರೀ ಬಾಯಿಮಾತಿನಲ್ಲೇ. ಏಟು ಬಿತ್ತೋ ಇಲ್ಲವೋ ಎಂದು ತಿಳಿಯಲು ಡಬ್ಬಿಯಿಂದ ನಂಬರಿನ ಚೀಟಿ ಎತ್ತಬೇಕು. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ!

ನನ್ನದು ಕಾವಲುಗಾತಿಯ ಪಾತ್ರ. ಹಿಂದಿರುವ ಇಬ್ಬರಿಗೆ ಏಟು ಬೀಳದಂತೆ ನೋಡಿಕೊಳ್ಳಬೇಕು. ಮೊದಲ ವಾರ, ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಕತ್ತಿಯನ್ನೇ ಆರಿಸಿಕೊಂಡೆ, ಎರಡೂ ಕೈಯಲ್ಲಿ ಹಿಡಿಯುವಂಥದ್ದು. ನುಗ್ಗಿ ನುಗ್ಗಿ ಕಡಿದೆ. ತಿರುಗಿ ನೋಡಿದರೆ ಹಿಂದಿದ್ದ ಇಬ್ಬರೂ ಸತ್ತಿದ್ದರು. ಮಮತಾ ಮಾಗಡಿ ಕಡೆಯವಳು, ಮುಲಾಜಿಲ್ಲ. "ಕಾಯಾಕ್ ನಿಲ್ಸುದ್ರೆ ಕಡ್ಯಾಕ್ ಓಗಿದ್ಯಲ್ಲಮ್ಮೀ! ಎಷ್ಟ್ ಜನುನ್ನ ಕೊಂದೆ ಅಂತ ಯಾರ್ ಕೇಳುದ್ರು? ಎಷ್ಟ್ ಜನ ನಿನ್ನ ದಾಟ್ಕಂಡ್ ಬಂದ್ರು, ಅದ್ನ ಒಸಿ ನೋಡು" ಎಂದು ಉಗಿದಳು.

ನಿನ್ನೆ ಕತ್ತಿ ಬಿಟ್ಟು ಗುರಾಣಿ ಮತ್ತು ಉದ್ದನೆಯ ಈಟಿ ತೆಗೆದುಕೊಂಡೆ. ಈಟಿ ಉದ್ದವಿದ್ದಷ್ಟೂ ಎದುರಾಳಿ ದೂರವೇ ನಿಲ್ಲುತ್ತಾನೆ. ಕಣಿವೆಯ ಬಾಯಲ್ಲಿ ನಿಂತೆ, ಒಂದು ಹೆಜ್ಜೆಯೂ ಮುಂದಿಡಲಿಲ್ಲ. ನಾನು ಯಾರನ್ನೂ ಕೊಲ್ಲಲಿಲ್ಲ, ಯಾರೂ ನನ್ನನ್ನು ದಾಟಲಿಲ್ಲ. ಮೂವರೂ ಚಪ್ಪಾಳೆ ಹೊಡೆದರು. ಹೀಗೆ ನಿಂತವಳನ್ನು ನಾನು ಮೊದಲೇ ಕಂಡಿದ್ದೆನಲ್ಲ ಅವ್ವ.

ಯುಗಾದಿಯ ಮಾರನೆಯ ದಿನ, ಹೊಸತೊಡಕು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ಹೆಸರಿಗೆ ಬಂದ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವನ್ನು, ಮನೆ ಸಮೇತ, ಗೋಡೌನು ಕಟ್ಟುವವರಿಗೆ ಕೊಡಿಸಲು ನಟರಾಜು ಚಿಕ್ಕಪ್ಪ ಇಬ್ಬರನ್ನು ಕರೆತಂದಿದ್ದರು. ಅಳೆಯಲು ಟೇಪು ಬಂದಿತ್ತು. ಕಾಗದವೂ ಸಿದ್ಧ, ನಿನ್ನ ಸಹಿ ಒಂದೇ ಬಾಕಿ. ನೀನು ಜಗಳಕ್ಕೇ ಇಳಿಯಲಿಲ್ಲ. ಹುಳು ಗೂಡು ಕಟ್ಟುವ ಅಗಲವಾದ ಬಿದಿರಿನ ಚಂದ್ರಿಕೆಯನ್ನು ಬಾಗಿಲಿಗೆ ಅಡ್ಡ ಹಿಡಿದು, "ಹುಳ ಜ್ವರಕ್ಕೆ ಕೂತವೆ ಕಣಪ್ಪ. ಗೂಡಾಗಗಂಟ ಹೊರಗ್ನೋರು ಹೊಸ್ಲು ದಾಟಂಗಿಲ್ಲ" ಎಂದೆ. ಹಾಗೆ ಜ್ವರಕ್ಕೆ ಕೂತು ಪೊರೆ ಬಿಡುವ ಹುಳುವಿಗೆ ಹೊರಗಿನ ಸೋಂಕು ತಗುಲಬಾರದೆಂದು ಚಿಕ್ಕಪ್ಪನಿಗೆ ಗೊತ್ತಿಲ್ಲವೇ, ಅವರೂ ಹುಳು ಸಾಕುವ ಮನೆಯಲ್ಲೇ ಬೆಳೆದವರು. ಬಂದವರ ಕೈ ಹಿಡಿದು ತಾವೇ ಅಂಗಳಕ್ಕಿಳಿಸಿದರು.

ಅಂದಿನಿಂದ ಇದು ಆರನೇ ಬೆಳೆ. ಒಂದು ಗೂಡಾಗುವ ಮೊದಲೇ ಇನ್ನೊಂದಕ್ಕೆ ಮರಿಹುಳು ತರುತ್ತೀಯ. ಚಿಕ್ಕಪ್ಪ ಯಾವಾಗ ಬಂದರೂ ಮನೆ ತುಂಬ ಹುಳು. ಆಸೆಬುರುಕಿ, ಮೈ ಹಣ್ಣು ಮಾಡಿಕೊಳ್ಳುತ್ತೀಯ ಎಂದು ನಾನು ರೇಗಿದ್ದೆ, ಎಂಥ ಪೆದ್ದಿ! ಮಂಡಿ ನೋವಿಟ್ಟುಕೊಂಡು ಹೊರೆ ಹೊರೆ ಸೊಪ್ಪು ಹೊತ್ತು ಆರು ತಿಂಗಳಿಂದ ನೀನು ಆ ಹೊಸ್ತಿಲನ್ನು ಕಾಯುತ್ತಿದ್ದೀಯ. ಯಾವ ಪುಸ್ತಕದ ಪಟ್ಟಿಯಲ್ಲೂ ಇಲ್ಲದ ಆಯುಧವನ್ನು ಅಷ್ಟು ಜನರ ಮುಂದೆ, ಆ ಒಂದು ಗಳಿಗೆಯಲ್ಲಿ ಹೇಗೆ ಆರಿಸಿಕೊಂಡೆ? ನೆನೆದಷ್ಟೂ ಬೆರಗಾಗುತ್ತದೆ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಹೆಮ್ಮೆ, ಜೊತೆಗೆ ನಾಚಿಕೆ.

ಇಂತಿ ನಿನ್ನ ಪೆದ್ದು ಮಗಳು,
ನವ್ಯ

ತಾ.ಕ.: ನಾಚಿಕೆ ಯಾಕೆಂದು ಬರೆಯದೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಯುಗಾದಿಗೆ ಮೊದಲೇ ಚಿಕ್ಕಪ್ಪ ಹಾಸ್ಟೆಲ್ಲಿಗೆ ಬಂದು, ಮುಂದಕ್ಕೆ ಓದಿಸುತ್ತೇವೆ ಎಂದು ನಂಬಿಸಿ ಆ ಮಾರಾಟದ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡು ಹೋಗಿದ್ದರು. ಇವತ್ತು ಬೆಳಿಗ್ಗೆ ಚನ್ನಪಟ್ಟಣಕ್ಕೆ ಹೋಗಿ, ನನಗೆ ಒಪ್ಪಿಗೆಯಿಲ್ಲವೆಂದು ವಕೀಲರ ಕೈಯಲ್ಲಿ ಚಿಕ್ಕಪ್ಪನಿಗೆ ನೋಟೀಸು ಕಳಿಸಿದ್ದೇನೆ. ಹೊಸತೊಡಕಿನ ದಿನ ಚಿಕ್ಕಪ್ಪ ಕಾಗದ ಬಿಚ್ಚಿ ತೋರಿಸಿದಾಗ ನೀನು ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದ್ದನ್ನು ನಾನು ನೋಡಿದ್ದೆ. ಅವರು ಹೋದ ಮೇಲೆ ಒಳಗೆ ಬಂದು, "ಬಾ ಮಗ, ಉಣ್ಣು" ಎಂದೆ. ಆ ಸಹಿಯ ಬಗ್ಗೆ ಇವತ್ತಿಗೂ ಒಂದು ಮಾತು ಕೇಳಿಲ್ಲ.