ಮತ್ತೆ ಬನ್ನಿ

ಪುಟ್ಟೇನಹಳ್ಳಿ
9-8-1983

ಮಾನ್ಯ ಕೊಟ್ರಪ್ಪನವರಿಗೆ,

ಜಯನಗರದ ನಿಮ್ಮ ಬಟ್ಟೆ ಅಂಗಡಿಯ ಸೇಲ್ಸ್‌ಮನ್ ಬೈಲಪ್ಪನವರ ಹೆಂಡತಿಯ ನಮಸ್ಕಾರ.

ನೀವು ಇವರಿಗೆ ಓದಲು ಕೊಟ್ಟ ವ್ಯಾಪಾರದ ಪುಸ್ತಕವನ್ನು ವಾಪಸ್ ಕಳಿಸಿದ್ದೇನೆ. ಬಂದವರು ಯಾರೇ ಆಗಲಿ, ನಗುತ್ತಾ 'ಮತ್ತೆ ಬನ್ನಿ' ಎಂದು ಕಳಿಸಬೇಕು ಅಂತ ಅದರಲ್ಲಿದೆಯಂತೆ. ಇವರು ದಿನಾ ಕನ್ನಡಿ ಮುಂದೆ ನಿಂತು ಅದನ್ನೇ ಕಲಿತರು.

ನಮ್ಮ ಮಗಳನ್ನು ಮಣ್ಣು ಮಾಡಿದ ದಿನ, ಬಂದವರೆಲ್ಲ ಸಾವಿನ ಮನೆಯ ರೂಢಿಯಂತೆ 'ಹೋಗಿ ಬರ್ತೀವಿ' ಅನ್ನದೆ ಎದ್ದು ಹೋಗುತ್ತಿದ್ದರು. ಇವರು ಬಾಗಿಲಲ್ಲಿ ಕೈಮುಗಿದು, ನಗುತ್ತಾ, ಒಬ್ಬೊಬ್ಬರಿಗೂ 'ಮತ್ತೆ ಬನ್ನಿ' ಅಂದರು. "ಇನ್ನೊಂದು ಹೆಣ ಬೀಳ್ಬೇಕೇನಯ್ಯಾ?" ಅಂತ ನನ್ನ ಅಣ್ಣ ಬೈದು ಹೋದ. ಆಮೇಲೆ ಯಾರೂ ಈ ಕಡೆ ಬಂದಿಲ್ಲ.

ಭಾನುವಾರ ತಿಥಿ. ನೀವಾದರೂ ಬನ್ನಿ. ಹೊರಡುವಾಗ ಇವರು ಅದನ್ನೇ ಅಂದರೆ ಬೈಯಬೇಡಿ. ಅಂಗಡಿಗೆ ಬಂದ ಗಿರಾಕಿಯ ಹಾಗೆ 'ಆಗಲಿ' ಅಂದುಬಿಡಿ.

ಇಂತಿ,
ಈಶ್ವರಮ್ಮ